ರೇಣುಕಾಳ ಗಂಡನ ಹೆಸರು, ಇಂಗ್ಲಿಷಿನಲ್ಲಿ

ತಿಕೋಟಾ: ಇಳಿಯಬಾರದಿದ್ದ ಊರು

ಅಥವಾ ಬಸ್ಸಿನಲ್ಲಿ ನಿದ್ದೆಹೋಗಿದ್ದ ನನ್ನನ್ನು ಕಂಡಕ್ಟರ್ ಎಬ್ಬಿಸಿದ್ದೇ ಸುಳ್ಳಿರಬಹುದು. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಆ ಕಂಡಕ್ಟರನಿಗೆ ಮೀಸೆ ಬಂದಿದೆ, ಕೊರಳಲ್ಲೊಂದು ಸೀಟಿ ಬಂದಿದೆ, ಕಳೆದ ಸಲ ಹೇಳುವಾಗ ಆತ ಸ್ವಲ್ಪ ಕುಂಟುತ್ತಲೂ ಇದ್ದ. ನಿಜದಲ್ಲಿ ನಾನು ಎಚ್ಚರವಾಗಿಯೇ ಇದ್ದು, ಕಿಟಕಿಯಾಚೆ ವಿಶ್ವವಿದ್ಯಾಲಯದ ಕಮಾನು ಬಂದದ್ದನ್ನೂ ಹೋದದ್ದನ್ನೂ ನೋಡಿ, ಇಳಿಯಲು ಧೈರ್ಯ ಸಾಲದೆ ಕೂತೇ ಇದ್ದೆನೇನೋ. ಖಾತ್ರಿ ಇರುವುದು ಇಷ್ಟೇ: ವಿದೇಶಕ್ಕೆಂದು ಹೊರಟ ಮೊದಲ ದಿನ ನಾನು ತಿಕೋಟಾದಲ್ಲಿ ಇಳಿದೆ.

ವಿದೇಶ ಎಂದದ್ದಕ್ಕೆ ಹುಬ್ಬೇರಿಸಬೇಡಿ. ನನ್ನ ಓರಗೆಯ ಬರಹಗಾರರು ಲಂಡನ್ನು, ಟೋಕಿಯೋ ನೋಡಿ ಬಂದು ಪುಸ್ತಕ ಬರೆದಿದ್ದಾರೆ. ನನಗೆ ಪಾಸ್‌ಪೋರ್ಟ್ ಇಲ್ಲ. ನಾನು ಹೋದ ವಿದೇಶ ವಿಜಯಪುರದ ಹೊರಗೆ, ವಿಶ್ವವಿದ್ಯಾಲಯದ ಮೊದಲ ಮಹಡಿಯ ಮೂಲೆಯ ಕೋಣೆಯಲ್ಲಿತ್ತು. ಅಲ್ಲಿ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದರು. ಬಿ.ಎ.ಯಲ್ಲಿ ಆ ಪೇಪರ್ ಉಳಿಸಿಕೊಂಡವರಿಗೆಂದು ನಡೆಸುತ್ತಿದ್ದ ತರಗತಿ ಅದು. ನನ್ನಂಥ ಹೊರಗಿನವರೂ ಸೇರಬಹುದಿತ್ತು, ಪರೀಕ್ಷೆಗೂ ಕೂರಬಹುದಿತ್ತು. ಅಲ್ಲಿಯ ಮಾತು ಬೇರೆ, ಕಾಯಿದೆ ಬೇರೆ. ಭಾಷೆ ಬಾರದ ಊರಲ್ಲಿ ಪ್ರವಾಸಿಗೆ ಆಗಬೇಕಾದ ಅವಮಾನಗಳೆಲ್ಲ ಅಲ್ಲಿ ಆಗುತ್ತಿದ್ದವು. ವಿದೇಶಕ್ಕೆ ಇನ್ನೇನು ಬೇಕು?

ನಾನು ಸೇರಿದ್ದಕ್ಕೆ ಕಾರಣವಿತ್ತು. ನನ್ನ ಕೆಲವು ಕಥೆಗಳನ್ನು ಯಾರೋ ಪುಣ್ಯಾತ್ಮರು ಇಂಗ್ಲಿಷಿಗೆ ಮಾಡಿ ಕಳಿಸಿ, 'ಸರಿ ಇದೆಯೇ ನೋಡಿ' ಎಂದಿದ್ದರು. ನೋಡಿದೆ. ಅಕ್ಷರಗಳು ಸಾಲಾಗಿ, ಶಿಸ್ತಾಗಿ ನಿಂತಿದ್ದವು. ಅವುಗಳ ನಡುವೆ ನಾನೆಲ್ಲಿದ್ದೇನೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ತಿಕೋಟಾ ಬಸ್ ನಿಲ್ದಾಣದಲ್ಲಿ ನಾನು ಪೆಚ್ಚಾಗಿ ನಿಂತಿದ್ದಾಗ ಒಬ್ಬರು ಹಿರಿಯರು, ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಚೀಲ, ನನ್ನ ಕೈಯಲ್ಲಿದ್ದ ವ್ಯಾಕರಣದ ಪುಸ್ತಕ ನೋಡಿ ಹತ್ತಿರ ಬಂದರು.

"ಆಪಾ, ಇಂಗ್ಲಿಷ್ ಕ್ಲಾಸಿಗೇನ್ರಿ?"

"ಹೌದ್ರಿ. ಮುಂದ ಬಂದುಬಿಟ್ಟೇನಿ."

"ಚೊಲೋ ಆತು. ನಾನೂ ಅಲ್ಲಿಗೇ ಹೊಂಟೀನಿ. ಒಬ್ಬನ ಹೋಗಾಕ ಅಂಜಿಕಿ ಬಂದಿತ್ತು. ಈಗ ಇಬ್ಬರಾದಿವಿ."

ಅವರು ಮೆಹಬೂಬಸಾಬ, ಒಣದ್ರಾಕ್ಷಿ ವ್ಯಾಪಾರಿ. ದೂರದ ಊರುಗಳ ಖರೀದಿದಾರರು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಾರಂತೆ. ಅರ್ಥವಾಗದಿದ್ದರೂ ಇವರು ಎಲ್ಲದಕ್ಕೂ 'ಯಸ್ ಯಸ್' ಅನ್ನುತ್ತ ಬಂದಿದ್ದಾರೆ. "ಇಷ್ಟು ವರ್ಷ ಯಾವುದಕ್ಕೆಲ್ಲಾ ಯಸ್ ಅಂದೀನೋ ಅಲ್ಲಾಗs ಗೊತ್ತು," ಎಂದು ಜೇಬಿನಿಂದ ಒಂದು ಹಿಡಿ ದ್ರಾಕ್ಷಿ ತೆಗೆದು ಕೊಟ್ಟರು. ದಾರಿಯ ಎರಡೂ ಕಡೆ ಶೆಡ್ಡುಗಳಲ್ಲಿ, ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಗಾಳಿಯಲ್ಲಿ ಹುಳಿಯೂ ಸಿಹಿಯೂ ಬೆರೆತ ವಾಸನೆ. ಹೆದರಿದ ಇಬ್ಬರು, ಬಾಯಿ ತುಂಬ ದ್ರಾಕ್ಷಿ, ಹಿಂದಕ್ಕೆ ಹೊರಟ ಬಸ್ಸು ಹತ್ತಿದೆವು.

ಗಡಿ

ವಿದ್ಯಾ ಮೇಡಂ ನಮ್ಮ ಅಧ್ಯಾಪಕಿ. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು, ಶಿಸ್ತಿನಲ್ಲಿ ನನ್ನಜ್ಜಿಯಷ್ಟು ಹಿರಿಯರು. ಅವರ ಕಾಯಿದೆ ಒಂದೇ: ಕನ್ನಡವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕು.

ಯಾವ ಕಾಯಿದೆಗೂ ಜನ ಒಂದು ದಾರಿ ಕಂಡುಕೊಳ್ಳುತ್ತಾರೆ. ಇಲ್ಲಿಯ ನಿವಾಸಿಗಳು ಕಂಡುಕೊಂಡಿದ್ದು ಹೊಸ್ತಿಲನ್ನು. ಇಂಗ್ಲಿಷಿನಲ್ಲಿ ಸಿಕ್ಕಿಹಾಕಿಕೊಂಡವರು ಕೈ ಎತ್ತಿ, ಎದ್ದು, ಹೊಸ್ತಿಲು ದಾಟಿ ವರಾಂಡಕ್ಕೆ ಹೋಗಿ, ತರಗತಿಗೆ ಬೆನ್ನು ಮಾಡಿ ನಿಂತು ಹೇಳಬೇಕಾದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ಮತ್ತೆ ಒಳಗೆ ಬಂದು ಕೂರುತ್ತಿದ್ದರು. ಮೇಡಂ ಅದನ್ನು ಕೇಳಿಸಿಕೊಳ್ಳದವರಂತೆ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಯಾವ ದೇಶದ ಗಡಿಯಲ್ಲೂ ಇಷ್ಟು ಸೌಜನ್ಯದ ಸಂಚಾರ ಇರಲಿಕ್ಕಿಲ್ಲ. ನಾನಂತೂ ಮೊದಲ ವಾರ ಒಳಗಿದ್ದದ್ದಕ್ಕಿಂತ ಹೊರಗಿದ್ದದ್ದೇ ಹೆಚ್ಚು.

ರೇಣುಕಾ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಮದುವೆಯಾದ ಮೇಲೆ ಬಿ.ಎ. ಮುಗಿಸಿದವಳು. ಮುಗಿಸಿದವಳು ಅನ್ನುವುದೂ ತಪ್ಪು. ಈ ಒಂದು ಪೇಪರ್ ಉಳಿದಿತ್ತು. ಇದು ದಾಟಿದರೆ ಬಿ.ಎಡ್., ಆಮೇಲೆ ಸಾಲಿ ಟೀಚರು. ದಾಟದಿದ್ದರೆ ಇಲ್ಲ. ಮನೆಯಲ್ಲಿ ಇದೊಂದು ಸಲ ಅಂತ ಒಪ್ಪಿ ಕಳಿಸಿದ್ದರು, ಇನ್ನೊಂದು ಸಲ ಇರಲಿಲ್ಲ. ಅವಳಿಗೆ ವ್ಯಾಕರಣ ಬರುತ್ತಿತ್ತು. ನಾವೆಲ್ಲ ಭೂತಕಾಲಕ್ಕೂ ವರ್ತಮಾನಕ್ಕೂ ನಡುವೆ ಎಡವುತ್ತಿದ್ದಾಗ ಅವಳು ಬಾಯಿಪಾಠದ ವಚನದಂತೆ ಕ್ರಿಯಾಪದಗಳನ್ನು ಒಪ್ಪಿಸುತ್ತಿದ್ದಳು. ಹಾಗಿದ್ದೂ ನಪಾಸಾದದ್ದು ಹೇಗೆ ಎಂದು ನನಗೆ ಆಶ್ಚರ್ಯ.

ಗೊತ್ತಾದದ್ದು ಪರಿಚಯದ ಪಾಠದ ದಿನ. ಬಾಯಿಮಾತಿನ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಮನೆಯವರ ಬಗ್ಗೆ ಕೇಳುತ್ತಾರೆ, ಅಪ್ಪನ ಹೆಸರೇನು, ಮದುವೆಯಾಗಿದ್ದರೆ ಗಂಡನ ಹೆಸರೇನು ಎಂದು. ಅದು ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಮೇಡಂ ನಮ್ಮಿಂದ ಅದನ್ನು ಹೇಳಿಸುತ್ತ ರೇಣುಕಾಳ ಬಳಿ ಬಂದರು. ಅವಳು ಎದ್ದು ನಿಂತಳು. ನಿಂತೇ ಇದ್ದಳು. ಕಿವಿ ಕೆಂಪಾಯಿತು. ಕೊನೆಗೆ ಮೊದಲ ಸಲ ಕೈ ಎತ್ತಿ, ಹೊಸ್ತಿಲು ದಾಟಿ, ಬೆನ್ನು ಮಾಡಿ ನಿಂತು ಹೇಳಿದಳು:

"ಗಂಡನ ಹೆಸರ ನಾ ಹೇಳಂಗಿಲ್ರಿ. ಹ್ವಾದ ಸಲಾನೂ ಹೇಳಲಿಲ್ಲ. ಆ ಸಾಹೇಬರು ಮ್ಯಾಲಿಂದ ಮ್ಯಾಲ ಕೇಳಿದರು. ನಾ ಸುಮ್ನ ನಿಂತೆ. ಈಕಿಗಿ ಏನೂ ಬರಂಗಿಲ್ಲ ಅಂತ ಬರದು ಕಳಿಸಿದರು."

ತರಗತಿಯಲ್ಲಿ ಯಾರೂ ನಗಲಿಲ್ಲ. ನಗಬಹುದಾಗಿದ್ದವರೆಲ್ಲ ತಮ್ಮ ತಮ್ಮ ಅವ್ವಂದಿರನ್ನು ನೆನೆಸಿಕೊಂಡಿರಬೇಕು. ಜೋರಾಪುರ ಪೇಟೆಯ ನಮ್ಮ ಮನೆಯಲ್ಲೂ ಅದೇ. ಬಾಗಿಲಿಗೆ ಬಂದ ಅಂಚೆಯವನು ಮನೆ ಯಜಮಾನರ ಹೆಸರು ಕೇಳಿದರೆ ಅಮ್ಮಿ ನನ್ನನ್ನು ಕೂಗಿ ಕರೆಯುತ್ತಿದ್ದಳು. ಅಬ್ಬಾನ ಹೆಸರು ಹೇಳುವುದು ನನ್ನ ಕೆಲಸ. ನಾನು ಸಾಲಿಗೆ ಹೋದ ಹೊತ್ತಿನಲ್ಲಿ ಬಂದ ಅಂಚೆ ಪಕ್ಕದ ಮನೆಯಲ್ಲಿ ಉಳಿಯುತ್ತಿತ್ತು.

ವರಾಂಡದಲ್ಲಿ ಸಮಾಲೋಚನೆ

ಚಹದ ಬಿಡುವಿನಲ್ಲಿ, ಕನ್ನಡದ ನೆಲದಲ್ಲಿ, ನಾವು ಮೂವರು ಕೂತೆವು.

"ನಂಬತಿ ಏನವ್ವಾ ನೀ?" ಎಂದರು ಮೆಹಬೂಬಸಾಬ. "ಹೆಸರ ಹೇಳಿದರ ಆಯುಷ್ಯ ಕಡಿಮಿ ಆಗತೈತಿ ಅಂತ?"

"ನಂಬಂಗಿಲ್ರಿ ಕಾಕಾ. ನಾ ಬಿ.ಎ. ಓದೀನಿ. ಆದರ ಒಮ್ಮಿ ರೇಷನ್ ಕಾರ್ಡಿನ ಆಫೀಸನ್ಯಾಗ ಗಡಿಬಿಡ್ಯಾಗ ಹೇಳಿಬಿಟ್ಟೆ. ಮುಂದಿನ ವಾರನs ಗಾಡಿ ಮ್ಯಾಲಿಂದ ಬಿದ್ದು ಭುಜದ ಎಲುಬು ಮುರಕೊಂಡಾರ."

"ಅದು ರೋಡಿನ ತಪ್ಪಲ್ಲೇನ?"

"ರೋಡಿಂದs ಇರಬೇಕ್ರಿ. ಆದರ ಬಿದ್ದಾವರು ಅವರಲ್ಲ? ಯಾಕ ಬೇಕ್ರಿ?"

ಮೆಹಬೂಬಸಾಬರು ಗಡ್ಡ ಕೆರೆದುಕೊಂಡು, "ಹಂಗಾರ ಯಾವುದರ ಒಂದು ಬ್ಯಾರೆ ಹೆಸರ ಹೇಳಿಬಿಡು. ಅಂವಗೇನ ಗೊತ್ತಾಗತೈತಿ?" ಎಂದರು.

ರೇಣುಕಾ ಎದ್ದೇ ನಿಂತಳು. "ಬ್ಯಾರೆ ಗಂಡಸರ ಹೆಸರ? ನನ್ನ ಗಂಡ ಅಂತ? ಏನ್ ಮಾತಾಡಾಕತ್ತೀರಿ ಕಾಕಾ!"

"ತೋಬಾ, ತೋಬಾ," ಎಂದು ಅವರು ಕೆನ್ನೆ ಬಡಿದುಕೊಂಡು ದ್ರಾಕ್ಷಿಯ ಚೀಲ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ.

ಅತ್ತೆಯ ಮಗ ಎಂದರೆ ಹೇಗೆ, ಎಂದು ನಾನು ಸೂಚಿಸಿದೆ. ವಿದ್ಯಾ ಮೇಡಂ, ಅವರೂ ಹೊಸ್ತಿಲಿನಾಚೆ ಬಂದು ನಿಂತಿದ್ದರು, ಅಲ್ಲಿ ಅವರಿಗೂ ಕನ್ನಡ ಬರುತ್ತಿತ್ತು, ಬೇಡವೆಂದು ತಲೆಯಾಡಿಸಿದರು. "ವಾಕ್ಯ ಚಂದ ಆಗತೈತಿ. ಆದರ ಅವರು ಕೇಳೂದು ಹೆಸರು. ನಾ ಮೊದಲs ಹೋಗಿ ಪರೀಕ್ಷಕರ ಕಿವ್ಯಾಗ ಹೇಳಿದರ, ನಮ್ಮ ಹುಡುಗಿನ್ನ ಪಾಸ್ ಮಾಡ್ರಿ ಅಂದಂಗ ಕೇಳಸತೈತಿ. ಅದು ನನ್ನಿಂದ ಆಗಂಗಿಲ್ಲ ರೇಣುಕಾ."

ಮೇಡಂ ಹೇಳಿದ್ದು ಸರಿಯೇ ಇತ್ತು. ಅದಕ್ಕೇ ಎಲ್ಲರಿಗೂ ಬೇಜಾರಾಯಿತು. ಮರುದಿನ ರೇಣುಕಾ ಬರಲಿಲ್ಲ. ಅದರ ಮರುದಿನವೂ. ಪರೀಕ್ಷೆ ಹತ್ತಿರ ಬಂದಿತ್ತು.

ಬಬಲೇಶ್ವರದಿಂದ ಮುಂದೆ

ಭಾನುವಾರ ನಾನು ಬಬಲೇಶ್ವರಕ್ಕೆ ಹೋದೆ. ಯಾರೂ ಕಳಿಸಲಿಲ್ಲ. ಮೇಡಂ ಕಳಿಸಿದರು ಎಂದು ಒಂದು ಕಡೆ ಬರೆದುಕೊಂಡಿದ್ದೇನೆ, ಅದು ನನ್ನ ಕುತೂಹಲಕ್ಕೆ ನಾನೇ ತೊಡಿಸಿದ ಸಮವಸ್ತ್ರ ಇರಬೇಕು.

ಬಬಲೇಶ್ವರದಲ್ಲಿ ಜೈನಾಪುರದ ಬಸ್ಸು ಆಗಷ್ಟೇ ಹೋಗಿತ್ತು. ಒಂದು ಟಂಟಂ ರಿಕ್ಷಾ ಸಿಕ್ಕಿತು. ಅದರಲ್ಲಿ ಜಾಗವಿದ್ದದ್ದು ಒಬ್ಬ ದರ್ಜಿ ಮತ್ತು ಆತನ ಹೊಲಿಗೆ ಯಂತ್ರದ ನಡುವೆ. "ಅಕ್ಕಾರ, ಅದರ ತಲಿ ಸ್ವಲ್ಪ ಹಿಡಕೋರಿ," ಎಂದು ಯಂತ್ರದ ಮೇಲ್ಭಾಗವನ್ನು ನನ್ನ ತೊಡೆಗೆ ಇಟ್ಟ. ದಾರಿಯುದ್ದಕ್ಕೂ ಪ್ರತಿ ಗುಂಡಿಗೆ ಅದರ ಸೂಜಿ ನನ್ನ ಓಢಣಿಗೆ ಒಂದು ಹೊಲಿಗೆ ಹಾಕಿತು. ಎರಡೂ ಬದಿ ಕಬ್ಬು, ನಡುನಡುವೆ ಜೋಳದ ಕೊಯ್ಲು ಮುಗಿದ ಕಪ್ಪು ಹೊಲ. ವಿಜಯಪುರದಲ್ಲಿ ಗುಮ್ಮಟ ಕಾಣದ ಕಡೆ ಹೋದರೆ ನನಗೆ ದಿಕ್ಕು ತಪ್ಪುತ್ತದೆ. ಇಲ್ಲಿ ನೀರಿನ ಟಾಕಿಯೊಂದೇ ಗುರುತು.

ರೇಣುಕಾಳ ಅತ್ತೆ ಗಂಗವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕೂರಿಸಿ, ಸಜ್ಜಿ ರೊಟ್ಟಿ, ಮೊಸರು ಕೊಟ್ಟು, ನಾನು ಬಂದ ಕಾರಣ ಹೇಳುವ ಮೊದಲೇ ಕೇಳಿದರು: "ನಿಮ್ಮೊಳಗ ಹೆಂಗ್ರಿ? ಗಂಡನ ಹೆಸರ ಹೇಳ್ತೀರಿ?"

"ನಮ್ಮ ಅಮ್ಮಿನೂ ಹೇಳಂಗಿಲ್ರಿ. ನನಗ ಗಂಡ ಇಲ್ಲ."

"ಹಂಗಾರ ನಿಮಗ ಪಾಸಾಗೂದು ಸಸಾರ ಬಿಡ್ರಿ."

ರೇಣುಕಾ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಅವಳ ಗಂಡ ಎಮ್ಮೆಗೆ ನೀರು ಕುಡಿಸಿ ಬಂದು ಕಟ್ಟೆಯ ತುದಿಯಲ್ಲಿ ಕೂತ. ಗಂಗವ್ವ ಅವನನ್ನು 'ಸಣ್ಣಪ್ಪಾ' ಎಂದು ಕರೆದರು. ನಾನು ಆ ಹೆಸರನ್ನು ಹಿಡಿದುಕೊಂಡೆ. ಹಿಡಿದದ್ದು ಗೊತ್ತಾಗಿ ಗಂಗವ್ವ ನಕ್ಕರು.

"ಅದು ಕರಿಯೂ ಹೆಸರ್ರಿ. ಖರೇ ಹೆಸರ ಇವನ ಅಜ್ಜಂದು ಇಟ್ಟೀವಿ. ಅಂದರ ನಮ್ಮ ಮಾವಂದು. ಮಾವನ ಹೆಸರ ನಾ ಹೆಂಗ ಹೇಳ್ಲಿ? ಅದಕ್ಕ ಹಡದಾಗಿಂದ ಸಣ್ಣಪ್ಪ."

ಅಂದರೆ ಆ ಮನೆಯಲ್ಲಿ ಅವನಿಗೊಂದು ಹೆಸರಿದೆ, ಅದನ್ನು ಹೇಳುವ ಹೆಣ್ಣು ಬಾಯಿ ಒಂದೂ ಇಲ್ಲ. ಹಡೆದವಳಿಗೆ ಒಂದು ಕಾರಣ, ಕಟ್ಟಿಕೊಂಡವಳಿಗೆ ಇನ್ನೊಂದು. ಅವನು ಈ ವಿಷಯದಲ್ಲಿ ಆರಾಮಾಗಿದ್ದ. "ನಾ ಹೇಳೀನ್ರಿ ಆಕಿಗೆ, ಹೇಳು, ಬಿದ್ದರ ಬೀಳ್ತೇನಿ ಅಂತ," ಎಂದು ಭುಜ ನೀವಿಕೊಂಡ. ರೇಣುಕಾ ಅವನತ್ತ ನೋಡಿದ ನೋಟದಲ್ಲಿ ಈ ವಿಷಯ ಮುಗಿದಿತ್ತು.

ರೇಣುಕಾ ಚಹ ಮಾಡಲು ಒಳಗೆ ಹೋದಾಗ ಗಂಗವ್ವ ದನಿ ಇಳಿಸಿದರು. "ಪಾಸಾದರ ಎರಡ ವರ್ಷ ಬಿಜಾಪುರಕ್ಕ ಓಡ್ಯಾಡತಾಳ. ಹೊಲ, ಮನಿ, ಎಮ್ಮಿ ಎಲ್ಲಾ ನನ್ನ ಮ್ಯಾಲ. ನನಗ ಬ್ಯಾಡಾಗೇತಿ, ಖರೇನs ಹೇಳ್ತೇನಿ. ಆದರ ಹ್ವಾದ ಸಲ ನಪಾಸಾಗಿ ಬಂದು ಮಾರಿ ಇಷ್ಟು ಮಾಡಕೊಂಡು ಕುಂತಳು. ಮಾತಿಲ್ಲ, ಕತಿಲ್ಲ. ಅದನ್ನ ದಿನಾ ನೋಡಾಕಿ ಯಾರು? ನಾನs ಅಲ್ರೀ."

ಶೇಂಗಾ ಸಿಪ್ಪೆ ಊದಿ, ಇನ್ನೊಂದು ಹಿಡಿ ಎತ್ತಿಕೊಂಡು, ಅಷ್ಟೇ ಸಹಜವಾಗಿ ಕೇಳಿದರು: "ಇಂಗ್ಲಿಷಿನ್ಯಾಗ ಒಡಪು ಇಲ್ಲೇನ್ರಿ?"

ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮದುವೆ, ಸೀಮಂತದಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಹೇಳು ಎಂದು ಕಾಡುತ್ತಾರೆ. ಆಗ ಪ್ರಾಸ ಕಟ್ಟಿ, ಎರಡು ಸಾಲಿನಲ್ಲಿ ಹೆಸರನ್ನು ಕೂಡಿಸಿ ಹೇಳಬೇಕು. ಅದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ. ನಿಮ್ಮದೊಂದು ಹೇಳ್ರಿ ಎಂದು ನಾನು ಕೇಳಿದ್ದೇ ತಡ, ಗಂಗವ್ವ ಹೇಳಿಯೇಬಿಟ್ಟರು, ಸೆರಗು ಸರಿಮಾಡಿಕೊಂಡು, ಕೊರಳೆತ್ತಿ:

"ಎರಿಹೊಲದಾಗ ಬಿಳಿಜ್ವಾಳ ತೂಗತಾವ ತೆನಿಗೆ ತೆನಿ,
ಶಿವಲಿಂಗಪ್ಪನವರು ಕೈ ಹಿಡದ ಮ್ಯಾಲ ತುಂಬೇತಿ ನನ್ನ ಮನಿ."

ಚಹ ಹಿಡಿದು ಬಂದ ರೇಣುಕಾ ನಿಂತಲ್ಲೇ ನಿಂತಳು. "ಅತ್ತಿ, ಪರೀಕ್ಷೆದಾಗ ಒಡಪು ಹೇಳಿದ್ರ ನಗ್ತಾರ."

"ನಗಲಿ. ಕೇಳಾವರು ಅವರು. ಹೇಳಾಕಿ ನೀ."

ಆ ಮಧ್ಯಾಹ್ನ ಇಂಗ್ಲಿಷಿನ ಮೊಟ್ಟಮೊದಲ ಒಡಪು ಜೈನಾಪುರದ ಅಂಗಳದಲ್ಲಿ ಹುಟ್ಟಿತು ಎಂದು ಬರೆಯಲು ಕೈ ತುರಿಸುತ್ತಿದೆ. ಮೊಟ್ಟಮೊದಲನೆಯದು ಎಂಬುದಕ್ಕೆ ಆಧಾರವಿಲ್ಲ. ಆದರೂ ಕಟ್ಟಿದೆವು. ಸಾಮಗ್ರಿ ಗಂಗವ್ವನದು, ಪದ ರೇಣುಕಾಳದು, ಪ್ರಾಸಕ್ಕೆ ನಾನು. ಹಸಿರು ದ್ರಾಕ್ಷಿ, ಬಿಳಿ ಹಾಲು, ಗಂಡ ಯಾವಾಗಲೂ ಸರಿ:

"ಗ್ರೇಪ್ಸ್ ಆರ್ ಗ್ರೀನ್, ಮಿಲ್ಕ್ ಈಸ್ ವೈಟ್,
ಡ್ಯಾಶ್ ಈಸ್ ಮೈ ಹಸ್ಬಂಡ್, ಆಲ್ವೇಸ್ ರೈಟ್."

ಹೆಸರಿನ ಜಾಗದಲ್ಲಿ 'ಡ್ಯಾಶ್', ಪುಸ್ತಕದ ಬಿಟ್ಟ ಸ್ಥಳದಂತೆ. ಒಡಪನ್ನು ಸುಮ್ಮನೆ ಅಭ್ಯಾಸಕ್ಕೆಂದು ಹೇಳಬಾರದಂತೆ. ಹೆಸರು ಬರುವುದು ಒಂದೇ ಸಲ, ಕೇಳಿದವರ ಮುಂದೆ.

"ಕಡೀಕ ಏನಂದಿ?" ಎಂದರು ಗಂಗವ್ವ.

"ಯಾವಾಗಲೂ ಬರೋಬರಿ ಇರತಾರ ಅಂತ."

"ಅದು ಸುಳ್ಳಾತಲ್ಲ!"

"ಯಾಕ ಸುಳ್ಳ ಬೇ?" ಎಂದ ಮಗ, ಕಟ್ಟೆಯ ತುದಿಯಿಂದ.

"ಮೊನ್ನಿ ಮೋಟರ್ ಚಾಲೂ ಇಟ್ಟು ಮಲಗಿದಾಂವ ಯಾರಲೇ? ಪರೀಕ್ಷೆದಾಗ ಸುಳ್ಳ ಹೇಳಬಾರದು."

ಯಾವಾಗಲೂ, ಬಹಳಷ್ಟು ಸಲ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ: ವಿದ್ಯಾ ಮೇಡಂ ಇವನ್ನೆಲ್ಲ ಮೆಟ್ಟಿಲಿನಂತೆ ಕಲಿಸಿದ್ದರು. ರೇಣುಕಾ ಒಂದೊಂದೇ ಮೆಟ್ಟಿಲು ಓದಿ ಹೇಳಿದಳು. ತಾಯಿ ಮಗ ಚೌಕಾಸಿಗೆ ಕೂತರು. ಅವನು ಬಹಳಷ್ಟು ಸಲಕ್ಕೆ ಪಟ್ಟು ಹಿಡಿದ, ಆಕೆ ಅಪರೂಪದಿಂದ ಮೇಲೆ ಬರಲೊಲ್ಲರು. ಕೊನೆಗೆ 'ಸಮ್‌ಟೈಮ್ಸ್ ರೈಟ್' ಎಂಬಲ್ಲಿ ರಾಜಿಯಾಯಿತು. ಈಗ ಪ್ರಾಸ ಉಳಿಯಿತು, ಹೊಗಳಿಕೆ ಸ್ವಲ್ಪ ಕುಂಟುತ್ತಿತ್ತು. ಆದರೆ ರೇಣುಕಾ, ಆ ವಾರ ಮೊದಲ ಸಲ ಇರಬೇಕು, ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

ನಾನು ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅಕ್ಕಾರ, ಒಂದs ಅಂಜಿಕಿ. ಡ್ಯಾಶ್ ಡ್ಯಾಶ್ ಅಂತ ಇಷ್ಟ ಸಲ ಅಂದೀನಿ. ಅಲ್ಲೀನೂ ಬಾಯಾಗ ಅದs ಬಂದರ?"

ಬರುವುದಿಲ್ಲ ಎಂದೆ. ಪ್ರವಾಸಿಗರು ಹೀಗೆ ಗೊತ್ತಿಲ್ಲದ್ದನ್ನು ಖಚಿತವಾಗಿ ಹೇಳುತ್ತಾರೆ.

ಮುಚ್ಚಿದ ಬಾಗಿಲು

ಪರೀಕ್ಷೆಯ ದಿನ ಸೆಕೆ ವಿಪರೀತ. ಪರೀಕ್ಷಕರು ಎತ್ತರದ ಮನುಷ್ಯ, ಕನ್ನಡ ಬಾರದವರು, ತುಂಬ ಮೆದುವಾಗಿ ಮಾತಾಡುವವರು. ನನ್ನನ್ನು ಏನು ಕೆಲಸ ಎಂದು ಕೇಳಿದರು. ಕಥೆ ಬರೆಯುತ್ತೇನೆ ಎನ್ನಬೇಕಿತ್ತು. ನಾನು ಹೇಳಿದ್ದು ಭೂತಕಾಲದಲ್ಲಿ ಬಿತ್ತು, ಬರೆಯುತ್ತಿದ್ದೆ ಎಂದಾಯಿತು. ಅವರು ಬಹಳ ಕನಿಕರದಿಂದ, ಯಾಕೆ ಬಿಟ್ಟಿರಿ ಎಂದರು. ಅದನ್ನು ವಿವರಿಸುವಷ್ಟು ವ್ಯಾಕರಣ ನನ್ನಲ್ಲಿರಲಿಲ್ಲ. ಬಿಟ್ಟದ್ದಕ್ಕೆ ಬೇಸರವಿದೆ ಎಂದು ಹೇಳಿ ಹೊರಬಂದೆ.

ನನ್ನ ನಂತರ ರೇಣುಕಾ. ಒಳಗೆ ಹೋಗುವ ಮೊದಲು ಮೆಹಬೂಬಸಾಬರ ಚೀಲಕ್ಕೆ ಕೈ ಹಾಕಿ ಒಂದೇ ಒಂದು ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡಳು. ಬಾಗಿಲು ಮುಚ್ಚಿತು. ನಾವಿಬ್ಬರೂ ಗೋಡೆಗೆ ಕಿವಿ ಕೊಟ್ಟು ನಿಂತೆವು, ವಯಸ್ಸಿಗೆ ತಕ್ಕದ್ದಲ್ಲದ ರೀತಿಯಲ್ಲಿ. ಮೊದಲು ಅವಳ ಸರಾಗ ದನಿ, ಊರು, ಅತ್ತೆ, ಎಮ್ಮೆ. ಆಮೇಲೆ ಅವರ ಮೆದು ದನಿಯ ಪ್ರಶ್ನೆ. ಆಮೇಲೆ ಏನೂ ಇಲ್ಲ.

ಕೊನೆಗೆ ಅವಳು ಏನೋ ಹೇಳಿದಳು, ಏರಿಳಿತದಲ್ಲಿ, ಹಾಡಿನಂತೆ. ಆ ಹೊತ್ತಿಗೇ ಕೆಳಗೆ ಒಂದು ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಯಿತು. ನಂತರ ಚಪ್ಪಾಳೆ ಕೇಳಿಸಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೆಹಬೂಬಸಾಬರು ಅದು ಪಾರಿವಾಳ ಹಾರಿದ ಸದ್ದು ಎನ್ನುತ್ತಾರೆ.

ಹೊರಬಂದವಳ ಮುಖ ಬೆವರಿತ್ತು.

"ಕೇಳಿದರೇನ?"

"ಕೇಳಿದರ್ರಿ."

"ಹೇಳಿದಿ?"

"ಹೇಳಿನ್ರಿ."

"ಏನಂದಿ? ಹೆಸರ ಬಂತಿಲ್ಲೋ?"

"ಕೇಳಾವರ ಮುಂದ ಹೇಳೀನಿ ಅಕ್ಕಾರ. ಮತ್ತ ಮತ್ತ ಹೇಳೂದಲ್ಲ ಅದು." ಎಂದವಳೇ ಚಪ್ಪಲಿ ಹಾಕಿಕೊಂಡು ಬಬಲೇಶ್ವರದ ಬಸ್ಸಿಗೆ ಓಡಿದಳು.

ಅವಳು ಪಾಸಾದಳು. ಈಗ ವಿಜಯಪುರಕ್ಕೆ ದಿನಾ ಬಿ.ಎಡ್.ಗೆ ಬರುತ್ತಾಳೆ. ಗಂಗವ್ವ ದಿನಾ ಬೈಯುತ್ತಾರೆ, ದಿನಾ ಬುತ್ತಿ ಕಟ್ಟಿ ಕೊಡುತ್ತಾರೆ. ಸಣ್ಣಪ್ಪ ಇನ್ನೂ ಎಲ್ಲಿಂದಲೂ ಬಿದ್ದಿಲ್ಲ.

ಮೆಹಬೂಬಸಾಬರ ಬಳಿ ಇನ್ನೊಂದು ಕಥೆಯಿದೆ. ಅಂದು ಸಂಜೆ ಚಹದ ಅಂಗಡಿಯಲ್ಲಿ ಪರೀಕ್ಷಕರು ವಿದ್ಯಾ ಮೇಡಂರನ್ನು, ಆ ಹುಡುಗಿಯ ಗಂಡ ಒಡಿಶಾದವನೇ, ಅಲ್ಲಿ ಡ್ಯಾಶ್ ಎಂಬ ಹೆಸರಿನವರು ಬಹಳ, ಎಂದು ಕೇಳಿದರಂತೆ. ಇದು ಎಷ್ಟು ಚೆನ್ನಾಗಿದೆಯೆಂದರೆ ನಿಜವಿರಲು ಸಾಧ್ಯವೇ ಇಲ್ಲ. ಮೆಹಬೂಬಸಾಬರ ಇಂಗ್ಲಿಷ್ ಎಷ್ಟರದ್ದು ಎಂಬುದೂ ನನಗೆ ಗೊತ್ತು. ಮೇಡಂರನ್ನು ಕೇಳಿದೆ. ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಬೇಕೆಂದೇ ಬೇಗ ಬೇಗ.

ಹಾಗಾಗಿ ಆ ಕೋಣೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಅವಳು ಒಡಪು ಹೇಳಿದಳೋ, ಬೇರೇನನ್ನೋ. ಗಂಡ 'ಆಗಾಗ ಸರಿ'ಯಾದನೋ, 'ಯಾವಾಗಲೂ'ವೋ. ಕೊನೆಯ ಗಳಿಗೆಯಲ್ಲಿ ಅವಳ ಬಾಯಿಗೆ ಬಂದದ್ದು ಹೆಸರೋ, ಬಿಟ್ಟ ಸ್ಥಳವೋ. ಅವನನ್ನು ಈಗಲೂ ನಾನು ಬಸ್ ನಿಲ್ದಾಣದಲ್ಲಿ ಕಾಣುತ್ತೇನೆ, ಅವಳನ್ನು ಕರೆದೊಯ್ಯಲು ಗಾಡಿ ನಿಲ್ಲಿಸಿಕೊಂಡಿರುತ್ತಾನೆ, ಕೈ ಎತ್ತುತ್ತಾನೆ, ನಾನೂ ಎತ್ತುತ್ತೇನೆ. ಅವನ ಹೆಸರೇನೆಂದು ನನಗೆ ಗೊತ್ತಿಲ್ಲ.